ಮಕ್ಕಳ ಬೇಸ್‌ಬಾಲ್ ಪಂದ್ಯದಲ್ಲಿ ಅಂಪೈರ್ ಎಷ್ಟು ಹೇಳಿಕೊಡಬೇಕು?

ಅಮೆರಿಕದ ಲಿಟಲ್ ಲೀಗ್ ಬೇಸ್‌ಬಾಲ್ ಪಂದ್ಯಗಳಲ್ಲಿ ಅಂಪೈರ್ ಆಗಿ ನಿಲ್ಲುವ ಬಹಳಷ್ಟು ಮಂದಿ ಸಂಭಾವನೆ ಪಡೆಯದ ಸ್ವಯಂಸೇವಕರು. ಅವರಲ್ಲಿ ಅನೇಕರು ಆಡುವ ಮಕ್ಕಳ ತಂದೆತಾಯಿಯರೇ. ಕಣ್ಣೆದುರಿಗೇ ಮಗುವೊಂದು ತಪ್ಪು ಮಾಡುತ್ತಿರುವಾಗ ತಿದ್ದದೆ ನಿಲ್ಲುವುದು ಅಂಥವರಿಗೆ ಕಷ್ಟ. ಆದರೂ ಮಾತನಾಡುವ ಮೊದಲು, ಈ ಮಾತಿನಿಂದ ಈಗ ನಡೆಯುತ್ತಿರುವ ಆಟದಲ್ಲಿ ಒಂದು ತಂಡಕ್ಕೆ ಅನುಕೂಲವಾಗುತ್ತದೆಯೇ ಎಂದು ಕೇಳಿಕೊಳ್ಳಿ. ಆಗುವುದಾದರೆ ಸುಮ್ಮನಿರಿ.

ಸುರಕ್ಷತೆಯ ವಿಷಯದಲ್ಲಿ ಮಾತ್ರ ಈ ಲೆಕ್ಕಾಚಾರ ಬೇಡ. ಹೆಲ್ಮೆಟ್ ಇಲ್ಲದೆ ಬ್ಯಾಟರ್ ಬಂದರೆ, ಬ್ಯಾಟರ್‌ನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್‌ನ ಮುಖಕವಚ ಸಡಿಲವಾಗಿದ್ದರೆ, ಹೊಡೆದ ಮೇಲೆ ಬ್ಯಾಟನ್ನು ಎಸೆಯುವ ಅಭ್ಯಾಸ ಯಾರಿಗಾದರೂ ಇದ್ದರೆ, ಆಟ ನಿಲ್ಲಿಸಿ ನೇರವಾಗಿ ಹೇಳಿ.

ನಿಯಮವನ್ನು ವಿವರಿಸಬಹುದು, ಆದರೆ ತೀರ್ಪು ಕೊಟ್ಟ ಮೇಲೆ. 12 ವರ್ಷದವರೆಗಿನ ವಿಭಾಗಗಳಲ್ಲಿ, ಪಿಚ್ ಮಾಡಿದ, ಅಂದರೆ ಪಿಚರ್ ಎಸೆದ ಚೆಂಡು ಬ್ಯಾಟರ್‌ನನ್ನು ತಲುಪುವ ತನಕ ರನ್ನರ್ ತಾನು ನಿಂತಿರುವ ಬೇಸ್ (ಓಡುವಾಗ ಮುಟ್ಟುತ್ತ ಸಾಗಬೇಕಾದ ನೆಲೆ) ಬಿಡುವಂತಿಲ್ಲ. ಬೇಗ ಹೊರಟ ಮಗುವನ್ನು ನಿಯಮದಂತೆ ಹಿಂದಕ್ಕೆ ಕಳುಹಿಸಿ, ಕಾರಣವನ್ನು ಒಂದೇ ವಾಕ್ಯದಲ್ಲಿ, ಎರಡೂ ತಂಡಗಳಿಗೆ ಕೇಳುವಂತೆ ತಿಳಿಸಿ. ಮುಂದಿನ ಪಿಚ್‌ಗೆ ಯಾವಾಗ ಓಡಬೇಕೆಂದು ಸೂಚಿಸುವುದು ಕೋಚ್‌ನ ಕೆಲಸ.

ಹೆಚ್ಚು ಎಚ್ಚರ ಬೇಕಾಗುವುದು ಎದುರಾಳಿಯೇ ಗಮನಿಸಿ ಅಪೀಲ್ ಮಾಡಬೇಕಾದ ತಪ್ಪುಗಳಲ್ಲಿ. ಸರದಿ ತಪ್ಪಿ ಬಂದ ಬ್ಯಾಟರ್‌ನತ್ತ ಅಂಪೈರ್ ಯಾರ ಗಮನವನ್ನೂ ಸೆಳೆಯಬಾರದೆಂದು ನಿಯಮವೇ ಹೇಳುತ್ತದೆ. ರನ್ನರ್ ಎರಡನೇ ಬೇಸನ್ನು ಮುಟ್ಟದೆ ಮೂರನೆಯದಕ್ಕೆ ಓಡಿದಾಗಲೂ ಹೀಗೆಯೇ: "ಹಿಂದೆ ಹೋಗಿ ಮುಟ್ಟು" ಎಂದರೆ ಫೀಲ್ಡಿಂಗ್ ತಂಡಕ್ಕೆ ಸಿಗಬಹುದಾಗಿದ್ದ ಔಟ್ ಕೈತಪ್ಪುತ್ತದೆ, ಮುಖಭಾವದಲ್ಲಿ ಫೀಲ್ಡರ್‌ಗಳಿಗೆ ಸುಳಿವು ಕೊಟ್ಟರೆ ಅದೇ ಅನ್ಯಾಯ ಇನ್ನೊಂದು ಕಡೆಗೆ ಆಗುತ್ತದೆ. ಮಗುವಿನ ಮೇಲಿನ ಮಮತೆಯಿಂದಲೇ ಹೇಳಿದರೂ ಆ ಮಾತು ಎದುರು ತಂಡದ ಮಕ್ಕಳಿಂದ ಏನನ್ನೋ ಕಿತ್ತುಕೊಂಡಿರುತ್ತದೆ ಎಂಬುದನ್ನು ಅಂಪೈರ್ ಮರೆಯಬಾರದು. ಇನ್‌ಫೀಲ್ಡ್ ಫ್ಲೈ, ಅಂದರೆ ಬೇಸ್‌ಗಳಲ್ಲಿ ರನ್ನರ್‌ಗಳಿರುವಾಗ ಒಳಮೈದಾನದಲ್ಲಿ ಸುಲಭವಾಗಿ ಹಿಡಿಯಬಹುದಾದಂತೆ ಮೇಲಕ್ಕೆ ಹೊಡೆದ ಚೆಂಡಿನ ಸನ್ನಿವೇಶವೇ ಬೇರೆ. ಅಲ್ಲಿ ಬ್ಯಾಟರ್ ಔಟ್ ಎಂದು ಗಟ್ಟಿಯಾಗಿ ಕೂಗುವುದು ನಿಮ್ಮ ಕರ್ತವ್ಯ. ಫೀಲ್ಡರ್ ಸುಲಭದ ಕ್ಯಾಚನ್ನು ಬೇಕೆಂದೇ ಬಿಟ್ಟು ಇಬ್ಬರನ್ನು ಔಟ್ ಮಾಡದಿರಲೆಂದೇ ಆ ನಿಯಮವಿದೆ. ಅಷ್ಟು ಕೂಗಿದ ಮೇಲೆ, ಗೊಂದಲಗೊಂಡ ರನ್ನರ್‌ಗೆ "ಅಲ್ಲೇ ನಿಲ್ಲು" ಎನ್ನಬೇಡಿ.

ಪಿಚರ್‌ನ ಮೊಣಕೈ, ಬ್ಯಾಟರ್‌ನ ನಿಲುವು ಇವುಗಳ ಬಗ್ಗೆ ನಿಮಗೆ ಎಷ್ಟೇ ಚೆನ್ನಾಗಿ ತಿಳಿದಿದ್ದರೂ ಪಂದ್ಯದ ನಡುವೆ ಬಾಯಿ ಬಿಡಬೇಡಿ. ಪಿಚ್ ಎಲ್ಲಿತ್ತೆಂದು ಕ್ಯಾಚರ್ ಕೇಳಿದರೆ "ತುಸು ಕೆಳಗಿತ್ತು" ಎಂದರೆ ಸಾಕು. ಪಿಚರ್ ನಿಯಮ ಮೀರುವ ಅಂಚಿನಲ್ಲಿದ್ದರೆ ಇನ್ನಿಂಗ್ಸ್‌ಗಳ ನಡುವೆ ಮ್ಯಾನೇಜರ್‌ಗೆ ತಿಳಿಸಿ. ಹತ್ತು ವರ್ಷದ ಮಗುವನ್ನು ಎಲ್ಲರೆದುರು ಕರೆದು ತಿದ್ದಿದರೆ ಅದರ ಧೈರ್ಯವೇ ಕುಗ್ಗುತ್ತದೆ.

ಟೀ ಬಾಲ್ (ಕಂಬದ ಮೇಲಿಟ್ಟ ಚೆಂಡನ್ನು ಹೊಡೆಯುವ ಆಟ) ಆಡುವ ಐದಾರು ವರ್ಷದವರಿಗೆ ಈ ಬಿಗುವು ಬೇಕಿಲ್ಲ. ಯಾವ ಕಡೆಗೆ ಓಡಬೇಕೆಂದು ಅವರಿಗೆ ಧಾರಾಳವಾಗಿ ತೋರಿಸಿ. ಅವರಿಗಿಂತ ದೊಡ್ಡ ಮಕ್ಕಳ ವಿಭಾಗಗಳಲ್ಲಿ, ಪಂದ್ಯಕ್ಕೆ ಮುನ್ನ ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟಿನ ಬಳಿ ಇಬ್ಬರು ಮ್ಯಾನೇಜರ್‌ಗಳೂ ಸೇರಿದಾಗ, ನೀವು ಏನನ್ನು ಹೇಳುತ್ತೀರಿ, ಏನನ್ನು ಹೇಳುವುದಿಲ್ಲ ಎಂಬುದನ್ನು ಸ್ಪಷ್ಟಪಡಿಸಿಕೊಂಡು ಆಟ ಆರಂಭಿಸಿ.