ರೊಟ್ಟ್ಯಾಗ ಪ್ರೋಟೀನ್ ಇಲ್ಲ ಅಂತ ಹೇಳಿ ಬೈಸ್ಕೊಂಡಿದ್ದು

ಪ್ರೇಯರ್ ಮುಗಿದು ಹುಡುಗ್ರು ಇನ್ನಾ ಒಳಗ ಹೋಗಾಕತ್ತಿದ್ರು, ಅಷ್ಟರಾಗ ಗೇಟಿನ ಕಡೆಯಿಂದ ಒಬ್ಬಾಕಿ ಆಯಿ ಸೀರಿ ಸೆರಗು ಸೊಂಟಕ್ಕ ಸಿಗಿಸ್ಕೊಂಡು ಸೀದಾ ಆಫೀಸಿಗೆ ಬಂದ್ಳು. "ರೊಟ್ಟ್ಯಾಗ ಏನೂ ಇಲ್ಲಂತ ಹೇಳಿದ ಅಕ್ಕೋರು ಯಾರು?" ಎಲ್ಲಾರೂ ನನ್ನ ಕಡೆ ನೋಡಿದ್ರು. ನಾನ ಹೇಳಿದ್ದೆ, ಇಲ್ಲ ಅನ್ನಾಕ ಬರಂಗಿಲ್ಲ.

ನಾನು ಗದಗ ತಾಲೂಕಿನ ಒಂದು ಹಳ್ಳಿ ಹೈಸ್ಕೂಲಿನ್ಯಾಗ ಸೈನ್ಸ್ ಹೇಳ್ತೀನಿ. ಆಹಾರದಾಗ ಪ್ರೋಟೀನ್ ಐತೋ ಇಲ್ಲೋ ನೋಡೋ ಪ್ರಯೋಗ ಐತಲ್ಲ, ಮೈಲುತುತ್ತ ಮತ್ತ ಕಾಸ್ಟಿಕ್ ಸೋಡಾ ಹಾಕಿದ್ರ ನೇರಳಿ ಬಣ್ಣ ಬರ್ತೈತಿ ಅನ್ನೋದು, ಅದನ್ನ ಬೋರ್ಡ್ ಮ್ಯಾಲೆ ಬರೆದು ಮುಗಿಸೋ ಬದ್ಲಿ ಮಾಡೇ ತೋರಿಸೋಣ ಅಂತ ಮನಸು ಮಾಡಿ, ಎಲ್ಲಾರೂ ಮನಿಯಿಂದ ಒಂದೊಂದು ಚಮಚಾ ಏನರ ತರ್ರಿ ಅಂತ ಹೇಳಿದ್ದೆ. ಬಂದಿದ್ದು ನೋಡಬೇಕಿತ್ತು: ಜೋಳದ ಹಿಟ್ಟು, ಕಡ್ಲಿ ಹಿಟ್ಟು, ಹೆಸರು ಬೀಸಿದ್ದು, ಶೇಂಗಾ ಪುಡಿ, ಹಾಲು, ಸಕ್ಕರಿ, ಒಂದು ಬಟಾಟಿ, ಒಬ್ಬಾಂವ ಜೇಬಿನ್ಯಾಗ ಹಸಿ ತತ್ತಿ ಇಟ್ಕೊಂಡು ಸೈಕಲ್ ಮ್ಯಾಲೆ ಬಂದಿದ್ದ, ಒಡೀಲಿಲ್ಲ ಅನ್ನೋದ ಆಶ್ಚರ್ಯ. ಇನ್ನೊಬ್ಬಾಂವ ಗರಡಿಗೆ ಹೋಗೋ ಅವನ ಅಣ್ಣನ ಪ್ರೋಟೀನ್ ಡಬ್ಬಿಯಿಂದ ಕದ್ದು ಕಾಗದದ ಪುಡಕಿ ಕಟ್ಕೊಂಡು ಬಂದಿದ್ದ.

ಮೊದ್ಲ ದಿನಾ ಎಲ್ಲಾ ಟ್ಯೂಬೂ ನೀಲಿ. ಸಕ್ಕರೀನೂ ನೀಲಿ, ತತ್ತೀನೂ ನೀಲಿ. ತಪ್ಪು ನಂದ. ಮೈಲುತುತ್ತದ ನೀರು ಎರಡ ಹನಿ ಹಾಕಬೇಕು, ನಾನು ಬಣ್ಣ ಚಲೋ ಕಾಣಲಿ ಅಂತ ಸುರುವಿದ್ದೆ, ಅದರ ನೀಲೀನ ಎಲ್ಲಾದನ್ನೂ ಮುಚ್ಚಿಬಿಟ್ಟಿತ್ತು. ಮಾಡೋರಿಗೆ ಅಳತಿ ಹೇಳ್ತೀನಿ: 100 ಮಿಲಿ ನೀರಿಗೆ 2 ಗ್ರಾಂ ಮೈಲುತುತ್ತ, ಬ್ಯಾರೆ 100 ಮಿಲಿಗೆ 10 ಗ್ರಾಂ ಕಾಸ್ಟಿಕ್ ಸೋಡಾ. ಟ್ಯೂಬಿಗೆ ಮೈಲುತುತ್ತದ್ದು ಎರಡ ಹನಿ, ಸೋಡಾದ್ದು ಹತ್ತು ಹನಿ. ಸೋಡಾ ಮಾತ್ರ ಹುಡುಗ್ರ ಕೈಗೆ ಕೊಡಬ್ಯಾಡ್ರಿ. ನನ್ನ ಬೆರಳಿಗೆ ಒಂದೀಟ ತಾಗಿತ್ತು, ಸಾಬಾಣ ಹಚ್ಚಿದಂಗ ಜಾರಾಕತ್ತು, ಅದು ಸಾಬಾಣ ಅಲ್ಲ, ನನ್ನ ಚರ್ಮದ ಎಣ್ಣಿ ಮತ್ತ ಪ್ರೋಟೀನ ಕರಗಾಕತ್ತಿತ್ತು. ನಳದ ಕೆಳಗ ಬಾಳ ಹೊತ್ತು ಕೈ ಹಿಡ್ಕೊಂಡು ನಿಂತೆ.

ಎರಡನೇ ದಿನಾ ಚಂದ ಬಂತು. ತತ್ತಿ ಬಿಳಿ ಭಾಗ ಹೊಡೀತು ನೋಡ್ರಿ, ಬದನೀಕಾಯಿ ಬಣ್ಣ. ಹಾಲು ತಿಳಿ ನೇರಳಿ, ಕಡ್ಲಿ ಹಿಟ್ಟು, ಹೆಸರು, ಶೇಂಗಾ ಎಲ್ಲಾ ಪಾಸು. ಸಕ್ಕರಿ ಫೇಲು. ಗರಡಿ ಡಬ್ಬಿ ತತ್ತಿಗಿಂತ ದಟ್ಟ ಆತು, ತಂದಾಂವ ಎದಿ ಉಬ್ಬಿಸ್ಕೊಂಡು ಕುಂತ. ಅವನ ಸಲುವಾಗಿ ಹಸಿ ಹಾಲು ಉಗುರುಬೆಚ್ಚಗ ಮಾಡಿ ನಿಂಬಿಹಣ್ಣು ಹಿಂಡಿ ಒಡಿಸಿ, ಅರಿವ್ಯಾಗ ಸೋಸಿ, ಕೆಳಗ ಬಂದ ತಿಳಿನೀರನ್ನೂ ಟೆಸ್ಟ್ ಮಾಡ್ದೆ, ಅದೂ ನೇರಳಿ ಆತು. ಹಾಲಿನ ಪ್ರೋಟೀನಿನ್ಯಾಗ ಸುಮಾರು 80 ಭಾಗ ಕೇಸಿನ್, ಅದು ಗಟ್ಟಿ ಆಗಿ ಅರಿವ್ಯಾಗ ಉಳೀತೈತಿ, ಉಳಿದ 20 ಭಾಗ ನೀರಿನ್ಯಾಗ ಹೋಗ್ತೈತಿ, ಆ ನೀರು ಒಣಗಿಸಿದ್ದ ನಿಮ್ಮಣ್ಣನ ಡಬ್ಬಿ ಅಂದೆ. ಅವನಿಗೆ ಸ್ವಲ್ಪ ಬ್ಯಾಸರ ಆತು ಅನಸ್ತೈತಿ.

ಆಮ್ಯಾಲೆ ಜೋಳದ ಹಿಟ್ಟು. ನೀರಾಗ ಕಲಿಸಿ, ಸೋಸಿ, ಮ್ಯಾಲಿನ ತಿಳಿ ತಗೊಂಡು ಟೆಸ್ಟ್ ಮಾಡ್ದೆ. ನೀಲಿ. ಮತ್ತೊಮ್ಮೆ ಮಾಡ್ದೆ, ನೀಲಿ. ಬೆಲ್ ಹೊಡೀತು, ಗಡಿಬಿಡ್ಯಾಗ "ಜೋಳದಾಗ ಅಷ್ಟೇನ ಇರಂಗಿಲ್ಲ ಬಿಡ್ರಿ, ಬರೇ ಹಿಟ್ಟಿನ ಅಂಶ" ಅಂದುಬಿಟ್ಟೆ. ಈ ಒಂದು ಮಾತು ಮನಿಗೆ ಹೋಗಿ ಮುಟ್ಟೋದ್ರಾಗ ರೊಟ್ಟ್ಯಾಗ ಏನೂ ಇಲ್ಲ ಅಂತ ಆಗಿತ್ತು, ಒಂದು ಹುಡುಗಿ ರಾತ್ರಿ ರೊಟ್ಟಿ ಬ್ಯಾಡಂದು ಅನ್ನಾ ಅಷ್ಟ ಉಂಡು ಮಲಗಿದ್ಲಂತ. ಆ ಆಯಿ ಆಕೀ ಆಯಿ.

"ನಾ ಎಪ್ಪತ್ತು ವರ್ಷ ಇದನ್ನ ಉಂಡೀನ್ರಿ ಅಕ್ಕೋರ, ಹೊಲದಾಗ ದುಡದೀನಿ, ಆರು ಹಡದೀನಿ, ಏನೂ ಇಲ್ದ ಆತೇನು?"

ಆಕಿ ಬಾಯಿ ಮುಂದ ನಾ ಏನ ಹೇಳ್ಲಿ. ಆದ್ರ ಆಕಿ ಸಿಟ್ಟಿಗಿಂತ ನನಗ ನನ್ನ ಟ್ಯೂಬಿನ ಮ್ಯಾಲೆ ಸಂಶಯ ಬಂದಿತ್ತು. ಯಾಕಂದ್ರ ಜೋಳದಾಗ 100 ಗ್ರಾಂಗೆ ಸುಮಾರು 10 ಗ್ರಾಂ ಪ್ರೋಟೀನ್ ಐತಿ ಅಂತ ನಾನ ಓದೀನಿ, ಅಕ್ಕಿಗಿಂತ ಹೆಚ್ಚು. ಹಂಗಾದ್ರ ಬಣ್ಣ ಎಲ್ಲಿ ಹೋತು? ರಾತ್ರಿ ಕುಂತು ವಿಚಾರ ಮಾಡ್ದಾಗ ಹೊಳೀತು. ಜೋಳದ ಪ್ರೋಟೀನಿನ್ಯಾಗ ಹೆಚ್ಚಿನ ಪಾಲು ಕಾಫಿರಿನ್ ಅನ್ನೋದು, ಅದು ನೀರಿನ್ಯಾಗ ಕರಗಂಗಿಲ್ಲ. ನಾನು ಸೋಸಿ ತಗೊಂಡ ತಿಳ್ಯಾಗ ಅದು ಇರಲೇ ಇಲ್ಲ, ಅರಿವ್ಯಾಗ ಉಳಿದ ಚರಟಾನ ನಾನ ಹೊರಗ ಚೆಲ್ಲಿದ್ದೆ. ಹೆಸರು, ಶೇಂಗಾ, ಕಡ್ಲಿ ಪ್ರೋಟೀನು ಬಾಳಷ್ಟು ನೀರಿಗೆ, ಉಪ್ಪಿನ ನೀರಿಗೆ ಬಿಡ್ತಾವು, ಅದಕ್ಕ ಅವು ಪಾಸಾದ್ವು. ನನ್ನ ಪರೀಕ್ಷೆ ಹೇಳಿದ್ದು ಇಷ್ಟ: ಈ ನೀರಿನ್ಯಾಗ ಏನು ಕರಗೈತಿ ಅಂತ. ಹಿಟ್ಟಿನ್ಯಾಗ ಏನೈತಿ ಅಂತ ಅದು ಹೇಳಿರಲಿಲ್ಲ, ಹೇಳಿದಾಕಿ ನಾನು.

ಮರುದಿನ ಆಯಿನ್ನ ಕ್ಲಾಸಿಗೇ ಕರದೆ. ಈ ಸಲಾ ಜೋಳದ ಹಿಟ್ಟಿಗೆ ಮೊದ್ಲ ಸೋಡಾದ ನೀರು ಹಾಕಿ ಅರ್ಧಾ ತಾಸು ಬಿಟ್ಟು, ನಡುನಡುವ ಅಲ್ಲಾಡಿಸಿ, ಆಮ್ಯಾಲೆ ಸೋಸಿ ಎರಡ ಹನಿ ಮೈಲುತುತ್ತ ಬಿಟ್ಟೆ. ತಿಳಿ ನೇರಳಿ ಬಂತು. ತತ್ತಿ ಬಣ್ಣ ಅಲ್ಲ ಮತ್ತ, ಬಿಳಿ ಕಾಗದ ಹಿಂದ ಹಿಡಿದು ನೋಡಿದ್ರ ಕಾಣೋ ಅಷ್ಟು. ಆಯಿಗೆ ಕಣ್ಣು ಮಂಜು, ಮೊಮ್ಮಗಳು ಹೇಳಿದ್ಲು "ಬಂತ ಆಯಿ." ಆಯಿ ಅಂದ್ಳು, "ಬರದ ಏನು ಮಾಡೀತು."

ಇಲ್ಲಿ ನನಗ ಅನಸಿದ್ದು ಹೇಳ್ತೀನಿ, ಆಯಿ ಗೆದ್ಳು ಅಂತ ಜೋಳದ್ದು ಎಲ್ಲಾ ಹೊಗಳಾಕ ಬರಂಗಿಲ್ಲ. ಕಾಫಿರಿನ್ ಬೇಯಿಸಿದ ಮ್ಯಾಲೆ ಒಂದಕ್ಕೊಂದು ಬಿಗಿದುಕೊಂಡು ಪಚನ ಆಗೋದು ಇನ್ನಷ್ಟು ಕಷ್ಟ ಆಗ್ತೈತಿ, ಹುಳಿ ಬಂದ ಅಂಬಲ್ಯಾಗ ಅದು ಸ್ವಲ್ಪ ಸಡಿಲ ಆಗ್ತೈತಿ. ಮತ್ತ ಜೋಳದಾಗ ಲೈಸಿನ್ ಕಡಿಮಿ.

ಲೈಸಿನ್ ಅಂದ್ರೇನು ಅಂತ ಹೇಳಾಕ ನಾ ಬೆಟಗೇರಿ ನೂಲು ತಂದಿದ್ದೆ, ನಮ್ಮ ಕಡೆ ಹುಡುಗ್ರಿಗೆ ಮಗ್ಗ ಗೊತ್ತು, ಅರ್ಧಾ ಮಂದಿ ಸಂಬಂಧಿಕರು ನೇಕಾರರ. ಬ್ಯಾರೆ ಬ್ಯಾರೆ ಬಣ್ಣದ 20 ನಮೂನಿ ನೂಲಿನ ತುಂಡು ಅದಾವಂತ ತಿಳ್ಕೋರಿ, ಒಂದರ ತುದಿಗೆ ಒಂದು ಗಂಟು ಹಾಕ್ಕೊಂತ ಹೋದ್ರ ಪ್ರೋಟೀನ್, ತುಂಡೊಂದೊಂದೂ ಅಮೈನೋ ಆಮ್ಲ. ಯಾವ ಬಣ್ಣದ ಹಿಂದ ಯಾವುದು ಅನ್ನೋದರ ಮ್ಯಾಲೆ ಅದು ಹೆಂಗ ಸುತ್ತಿ ಉಂಡಿ ಆಗ್ತೈತಿ, ಏನು ಕೆಲಸ ಮಾಡ್ತೈತಿ ಅನ್ನೋದು. ನಮ್ಮ ಮೈಲುತುತ್ತದಾಗಿನ ತಾಮ್ರ ಹಿಡ್ಕೊಳ್ಳೋದು ಆ ಗಂಟುಗಳನ್ನ, ಅದಕ್ಕ ಬಣ್ಣ ಬರೋದು. ತತ್ತಿ ಕುದಿಸಿದ್ರ ಗಂಟು ಬಿಚ್ಚಂಗಿಲ್ಲ, ಉಂಡಿ ಮಾತ್ರ ಬಿಚ್ಚಿ ಆಜೂಬಾಜೂದ ನೂಲಿಗೆಲ್ಲಾ ಸಿಕ್ಕು ಬೀಳ್ತೈತಿ, ಸಿಕ್ಕಾದ ನೂಲನ್ನ ಮತ್ತ ಉಂಡಿ ಮಾಡಾಕ ಆಗ್ತೈತೇನು? ಇಲ್ಲ, ಬೆಂದ ತತ್ತಿ ಹಸಿ ಆಗಂಗಿಲ್ಲ. 20 ಬಣ್ಣದಾಗ 9 ನಮ್ಮ ಮೈಗೆ ಮಾಡ್ಕೊಳ್ಳಾಕ ಬರಂಗಿಲ್ಲ, ಉಂಡ ಪಡೀಬೇಕು, ಒಂದು ಬಣ್ಣ ತೀರಿತು ಅಂದ್ರ ಉಳಿದವು ಎಷ್ಟಿದ್ರೂ ನೇಯ್ಗಿ ಅಲ್ಲಿಗೇ ನಿಲ್ತೈತಿ. ಜೋಳದಾಗ ಮೊದ್ಲ ತೀರೋದು ಲೈಸಿನ್. ಹೆಸರು ಮಡಕಿ ಹುಳ್ಳಿ ಕಾಳಿನ್ಯಾಗ ಅದು ಬೇಕಾದಷ್ಟು, ಅವುಕ್ಕ ಕಡಿಮಿ ಬೀಳೋದು ಮೆಥಿಯೋನಿನ್, ಅದನ್ನ ಜೋಳ ತುಂಬ್ತೈತಿ.

ಆಯಿ ಕೇಳಿ ಕೇಳಿ ಅಂದ್ಳು, "ಅದಕ್ಕ ರೊಟ್ಟಿ ಕೂಡ ಕಾಳಪಲ್ಯ." ಹೌದ್ರಿ, ಆದ್ರ ಈಗ ಎಷ್ಟು ಮನ್ಯಾಗ ದಿನಾ ಕಾಳಪಲ್ಯ ಐತಿ? ನಾ ಹುಡುಗ್ರನ್ನ ಕೇಳಿದ್ರ ಬಾಳ ಮಂದಿ ಮುಂಜಾನೆ ರೊಟ್ಟಿ ಚಟ್ನಿ ಪುಡಿ, ರಾತ್ರಿ ಅನ್ನ ತಿಳಿ ಸಾರು, ಸಾರಿನ್ಯಾಗ ಬ್ಯಾಳಿ ಹುಡುಕಾಕ ಬ್ಯಾಟರಿ ಹಚ್ಚಬೇಕು ಅಂತ ಒಬ್ಬಾಂವ ಅಂದ.

ಲೆಕ್ಕಾ ಮಾಡೋಣ ಅಂತ ಲ್ಯಾಬಿನ ತೂಕದ ಮಷಿನ್ ತಂದಿಟ್ಟೆ. ಆಯಿ ತನ್ನ ಅಳತ್ಯಾಗ ಹಿಟ್ಟಿನ ಉಂಡಿ ಮಾಡಿ ತೋರಿಸಿದ್ಳು, ಒಣ ಹಿಟ್ಟಿನ ಲೆಕ್ಕದಾಗ ಒಂದು ರೊಟ್ಟಿಗೆ 60 ಗ್ರಾಂ ಬಂತು, ಅಂದ್ರ ಸುಮಾರು 6 ಗ್ರಾಂ ಪ್ರೋಟೀನ್. ದಿನಕ್ಕ ಮೂರು ರೊಟ್ಟಿ, 18. ಒಂದು ಹಿಡಿ ಹೆಸರು ಕಾಳು 40 ಗ್ರಾಂ, ಅದರಾಗ 9. ಶೇಂಗಾ ಚಟ್ನಿ 20 ಗ್ರಾಂ ಶೇಂಗಾದ್ದು, ಹೆಚ್ಚೂ ಕಡಿಮಿ 5. ಎಮ್ಮಿ ಹಾಲು ಒಂದು ಗ್ಲಾಸು, 7. ಒಟ್ಟ 39. ನಮ್ಮ ದೇಶದ ಲೆಕ್ಕದಾಗ ದೊಡ್ಡವ್ರಿಗೆ ಕೆಜಿ ತೂಕಕ್ಕ 0.83 ಗ್ರಾಂ ಬೇಕು, ಆಯಿ ತೂಕ 50, ಬೇಕಾದದ್ದು 41 ಹಿಡೀರಿ. ಹತ್ರ ಹತ್ರ ಮುಟ್ಟಿತು. ಕಾಳು ಹಾಲು ತಗದಬಿಟ್ರ 23. ಈ 23 ಬರದಾಗ ಕ್ಲಾಸು ಸುಮ್ಮನಾತು. ಮಧ್ಯಾಹ್ನ ಸಾಲ್ಯಾಗ ತತ್ತಿ ತಿನ್ನೋರಿಗೆ ಅದರಿಂದ 6 ಸೇರ್ತೈತಿ, ಬ್ಯಾಡ ಅನ್ನೋರಿಗೆ ಆವಾಗ ಬಾಳಿಹಣ್ಣು ಇಲ್ಲಾ ಶೇಂಗಾ ಚಿಕ್ಕಿ ಕೊಡ್ತಿದ್ರು (2025ರಾಗ ಚಿಕ್ಕಿ ನಿಲ್ಲಿಸಿದ್ರು), ಬಾಳಿಹಣ್ಣಿನ್ಯಾಗ ಒಂದು ಗ್ರಾಮಿನಷ್ಟ, ಹಂಗಾಗಿ ತತ್ತಿ ಒಲ್ಲದವ್ರು ಚಿಕ್ಕಿ ತಗೋರಿ ಅಂತ ಹೇಳ್ದೆ.

ಇನ್ನೊಂದು ಮಾಡ್ದೆ ಅವತ್ತು, ಅದ ಎಲ್ಲಾಕ್ಕಿಂತ ಹುಡುಗ್ರಿಗೆ ಸೇರಿದ್ದು. ಗೋದಿ ಹಿಟ್ಟಿನ ಉಂಡಿ ನೀರಾಗ ಹಿಸುಕಿ ಹಿಸುಕಿ ತೊಳದ್ರ ಬಿಳೀ ನೀರೆಲ್ಲಾ ಹೋಗಿ ಕೈಯ್ಯಾಗ ರಬ್ಬರಿನಂಥಾ ಜಿಗಟು ಉಂಡಿ ಉಳೀತೈತಿ, ಅದು ಗ್ಲುಟೆನ್, ಗೋದಿ ಪ್ರೋಟೀನ್. ಜೋಳದ ಉಂಡಿ ಹಂಗ ತೊಳದ್ರ ಕೈಯ್ಯಾಗ ಏನೂ ಉಳಿಯಂಗಿಲ್ಲ. ಆಯಿ ತಡೀಲಿಲ್ಲ, "ಅದಕ್ಕರಿ ಅಕ್ಕೋರ ನಾವು ಎಸರು ಇಟ್ಟು ನಾದೋದು, ತಣ್ಣೀರಾಗ ನಾದಿದ್ರ ಬಡಿಯೋದ್ರಾಗ ಹರದ ಹೋಗ್ತೈತಿ." ಬರೋಬ್ಬರಿ ಮಾತು. ಹಿಡಿದಿಡೋ ಪ್ರೋಟೀನ್ ಇಲ್ಲ, ಬಿಸಿನೀರಿಗೆ ಅಂಟಾಗೋ ಗಂಜಿ ಅಂಶದ ಮ್ಯಾಲೆ ರೊಟ್ಟಿ ನಿಂತೈತಿ.

ಒಬ್ಬಾಂವ ಕೇಳಿದ, ಅವರಜ್ಜಗ ಸಕ್ಕರಿ ಬ್ಯಾನಿ ಐತಿ, ದಿನಾ ಚುಚ್ಕೋತಾರ, ಅದು ಗುಳಿಗಿ ಯಾಕಿಲ್ಲ ಅಂತ. ಇನ್ಸುಲಿನ್ನೂ ಪ್ರೋಟೀನಪಾ, 51 ತುಂಡಿನ ಸಣ್ಣ ಪ್ರೋಟೀನು, ನುಂಗಿದ್ರ ಹೊಟ್ಟಿ ಅದನ್ನ ತತ್ತಿ ಪಚನ ಮಾಡಿದಂಗ ಗಂಟು ಬಿಚ್ಚಿ ಹಾಕ್ತೈತಿ ಅಂದೆ. ಹಂಗಾರ ಮೈಯ್ಯಾಗ ಇನ್ನೇನೇನು ಪ್ರೋಟೀನ್ ಅಂದ್ರು. ರಕ್ತ ಕೆಂಪು ಮಾಡೋ ಹಿಮೋಗ್ಲೋಬಿನ್, ಅನ್ನ ಅಗಿದ್ರ ಸಿಹಿ ಮಾಡೋ ಜೊಲ್ಲಿನ್ಯಾಗಿನ ಕಿಣ್ವ, ಉಗುರು, ಕೂದಲಾ. ಕೂದಲಾ ಒಂದು ಸುಟ್ಟು ವಾಸನಿ ತೋರಿಸಿ, ರೇಷ್ಮೀನೂ ಹುಳದ ಪ್ರೋಟೀನ, ಖರೇ ರೇಷ್ಮಿ ಎಳಿ ಸುಟ್ರ ಹಿಂಗ ಕೂದಲಾ ಸುಟ್ಟ ವಾಸನಿ ಬರ್ತೈತಿ, ಹತ್ತಿ ಆದ್ರ ಕಾಗದ ಸುಟ್ಟಂಗ ಅಂದೆ.

ಆಯಿ ಅವತ್ತು ಮಾತಾಡ್ದ ಎದ್ದು ಹೋದ್ಳು. ಮರುದಿನ ಮೊಮ್ಮಗಳ ಕೈಯ್ಯಾಗ ಒಂದು ಪುಡಕ್ಯಾಗ ಎರಡು ಎಳಿ ಕಳಿಸಿದ್ಳು, ಒಂದು ತನ್ನ ಮದುವಿ ಸೀರಿದು, ಇನ್ನೊಂದು ಹ್ವಾದ ವರ್ಷ ಯಾರೋ ರೇಷ್ಮಿ ಅಂತ ಆಹೇರಿ ಮಾಡಿದ್ದು. ಮೊದಲನೇದು ಕೂದಲಾ. ಎರಡನೇದು ಕಾಗದ. ಸಂಜಿಗೆ ಗೇಟಿನ್ಯಾಗ ಆಯಿ ಸಿಕ್ಕಳು, ಕೊಟ್ಟಾಕಿ ಯಾರಂತ ನಾ ಕೇಳಲಿಲ್ಲ, ಆಕೀನ ಕೇಳಿದ್ಳು: "ಅಕ್ಕೋರ, ಬಂಗಾರ ನೋಡಾಕೂ ಏನರ ಹನಿ ಐತೇನ್ರಿ ನಿಮ್ಮ ಹತ್ರ?"