ದಾವಣಗೆರೆ, ಚಿತ್ರದುರ್ಗದಿಂದ ಜರ್ಮನಿಗೆ ಬರುವ ಕುಟುಂಬಗಳಿಗೆ: ಹೊಸಬರ ಮಾರ್ಗದರ್ಶಿ

ಈ ಬರಹವನ್ನು ವಿಮಾನ ಹತ್ತುವ ಮೊದಲು ಒಮ್ಮೆ, ಇಲ್ಲಿಗೆ ಬಂದ ವಾರದಲ್ಲಿ ಇನ್ನೊಮ್ಮೆ ಓದಿ. ನಮ್ಮ ಕನ್ನಡ ಸಂಘದಲ್ಲಿ ದಾವಣಗೆರೆ, ಹರಿಹರ, ಚನ್ನಗಿರಿ, ಹೊಳಲ್ಕೆರೆ, ಚಳ್ಳಕೆರೆ ಕಡೆಯ ಮನೆಗಳು ಈಗ ಸಾಕಷ್ಟಿವೆ. ವರ್ಷ ವರ್ಷವೂ ಹೊಸ ಮನೆಗಳು ಸೇರುತ್ತವೆ. ಎಲ್ಲರೂ ಅದೇ ನಾಲ್ಕೈದು ಕಡೆ ಎಡವುತ್ತಾರೆ. ನಾನು ಹುಟ್ಟಿದ್ದು ಚಿತ್ರದುರ್ಗದಲ್ಲಿ, ಸೊಸೆಯಾಗಿ ಹೋದದ್ದು ದಾವಣಗೆರೆಯ ವಿದ್ಯಾನಗರಕ್ಕೆ. 2014ರಲ್ಲಿ ಎರಡು ವರ್ಷದ ಮಗಳನ್ನು ಎತ್ತಿಕೊಂಡು ಫ್ರಾಂಕ್‌ಫರ್ಟ್‌ನಲ್ಲಿ ಇಳಿದೆವು. ನಮಗೆ ಪೆಟ್ಟಾದ ಜಾಗಗಳನ್ನು ಇಲ್ಲಿ ಉದ್ದವಾಗಿಯೇ ಬರೆದಿದ್ದೇನೆ.

ಊರಿನಲ್ಲಿ ಒಂದು ಕೆಲಸ ಆಗದಿದ್ದರೆ ಪರಿಚಯದವರನ್ನು ಹಿಡಿಯುತ್ತೇವೆ, ಮರುದಿನ ಮತ್ತೆ ಹೋಗಿ ಕಚೇರಿಯ ಕಿಟಕಿಯ ಮುಂದೆ ನಿಲ್ಲುತ್ತೇವೆ, "ಸ್ವಲ್ಪ ನೋಡಿ ಸರ್" ಎನ್ನುತ್ತೇವೆ. ಇಲ್ಲಿ ಹಾಗೆ ನಿಂತರೆ ಯಾರೂ ಬೈಯುವುದಿಲ್ಲ, ಕೆಲಸವೂ ಆಗುವುದಿಲ್ಲ. ಇಲ್ಲಿ ಮಾತಾಡುವುದು ಕಾಗದ. ಆ ಕಾಗದ ಅಂಚೆಯಲ್ಲಿ ಬರುತ್ತದೆ, ಅದರ ಮೇಲೊಂದು ಗಡುವಿನ ದಿನಾಂಕ ಇರುತ್ತದೆ.

ಊರು ಬಿಡುವ ಮೊದಲು

ಕಲ್ಯಾಣ ಮಂಟಪದಲ್ಲಿ ಸಾವಿರ ಜನರ ಮುಂದೆ ಆದ ಮದುವೆಯಾದರೂ ಉಪನೋಂದಣಾಧಿಕಾರಿ ಕಚೇರಿಯ ಪ್ರಮಾಣಪತ್ರ ಇಲ್ಲದಿದ್ದರೆ ಇಲ್ಲಿ ಅದು ಮದುವೆಯೇ ಅಲ್ಲ. ಲಗ್ನಪತ್ರಿಕೆ, ಫೋಟೋ ಆಲ್ಬಂ ಯಾವುದೂ ನಡೆಯುವುದಿಲ್ಲ. ಮಕ್ಕಳಿಗೆ ಪಾಲಿಕೆಯ ಅಥವಾ ಪಂಚಾಯಿತಿಯ ಜನನ ಪ್ರಮಾಣಪತ್ರ ಬೇಕು. ಆಸ್ಪತ್ರೆಯ ಚೀಟಿ ಸಾಲದು. ಹೆಸರುಗಳನ್ನು ಒಂದೊಂದು ಅಕ್ಷರ ಹಿಡಿದು ತಾಳೆ ನೋಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದರ ಪೂರ್ಣರೂಪ, ಮದುವೆಯ ಪ್ರಮಾಣಪತ್ರದಲ್ಲಿ ಮನೆತನದ ಹೆಸರು: ನಮ್ಮ ಕಡೆ ಇದು ಮಾಮೂಲಿ, ಇಲ್ಲಿ ಮೂವರು ಬೇರೆ ಬೇರೆ ಮನುಷ್ಯರು. ಅದನ್ನು ಊರಿನಲ್ಲಿರುವಾಗಲೇ ಸರಿಪಡಿಸಿಕೊಂಡು ಬನ್ನಿ. ಇಲ್ಲಿ ಕುಳಿತು ತಂದೆಯವರನ್ನು ಕಚೇರಿಯಿಂದ ಕಚೇರಿಗೆ ಓಡಿಸಬೇಡಿ, ಅವರಿಗೆ ವಯಸ್ಸಾಗಿದೆ. ನಿಮ್ಮ ವಿಶ್ವವಿದ್ಯಾಲಯಕ್ಕೆ ಇಲ್ಲಿ ಮಾನ್ಯತೆ ಇದೆಯೇ ಎಂಬುದನ್ನು 'ಅನಾಬಿನ್' ಎಂಬ ಸರ್ಕಾರಿ ಮಾಹಿತಿಕೋಶದಲ್ಲಿ ನೋಡಿಕೊಳ್ಳಿ.

ಮಗುವಿನ ತಾಯಿ ಕಾರ್ಡನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. 2020ರ ಮಾರ್ಚ್‌ನಿಂದ ಇಲ್ಲಿ ದಡಾರದ ಲಸಿಕೆಯ ದಾಖಲೆ ತೋರಿಸದೆ ಶಿಶುವಿಹಾರಕ್ಕೆ ಸೇರಿಸಿಕೊಳ್ಳುವುದಿಲ್ಲ. ಶಾಲೆಯವರೂ ಅದನ್ನು ಕೇಳುತ್ತಾರೆ.

ಬ್ಯಾಂಕಿನ ಉಳಿತಾಯ ಖಾತೆಯನ್ನು ಅನಿವಾಸಿಗಳಿಗೆಂದೇ ಇರುವ ಎನ್‌ಆರ್‌ಒ ಖಾತೆಯಾಗಿ ಬದಲಿಸಿ, ಇದು ನಮ್ಮ ದೇಶದ ಕಾನೂನು. ಇನ್ನೊಂದು ಮಾತನ್ನು ಚನ್ನಗಿರಿ, ಹೊಳಲ್ಕೆರೆ ಕಡೆಯವರು ಗಮನವಿಟ್ಟು ಓದಬೇಕು. ಅನಿವಾಸಿಯಾದ ಮೇಲೆ ಕೃಷಿ ಜಮೀನು, ತೋಟ ಕೊಳ್ಳುವಂತಿಲ್ಲ. ಹಿರಿಯರಿಂದ ಬಂದ ಅಡಿಕೆ ತೋಟವನ್ನು ಇಟ್ಟುಕೊಳ್ಳಬಹುದು. ಪಕ್ಕದ ಎರಡು ಎಕರೆ ಮಾರಾಟಕ್ಕಿದೆ ಎಂದು ಇಲ್ಲಿಂದ ಹಣ ಕಳುಹಿಸಿ ಹೆಸರಿಗೆ ಮಾಡಿಸಿಕೊಳ್ಳಲಾಗದು.

ಪೆಟ್ಟಿಗೆಯಲ್ಲಿ ಏನಿರಬೇಕು, ಏನಿರಬಾರದು

ಬೆಣ್ಣೆ, ತುಪ್ಪ, ಪೇಡ, ಖೋವಾದ ಸಿಹಿ ಯಾವುದೂ ಬೇಡ. ಯುರೋಪಿನ ಒಕ್ಕೂಟದ ಹೊರಗಿನಿಂದ ಹಾಲಿನ ಮತ್ತು ಮಾಂಸದ ಪದಾರ್ಥ ತರುವುದು ನಿಷಿದ್ಧ. ಅಮ್ಮ ರಾತ್ರಿಯಿಡೀ ಕೂತು ಕಾಯಿಸಿದ ತುಪ್ಪವನ್ನು ವಿಮಾನ ನಿಲ್ದಾಣದ ಕಸದ ಡಬ್ಬಿಗೆ ಹಾಕುವಾಗ ಆಗುವ ಸಂಕಟ ನಿಮಗೆ ಬೇಡ. ಇಲ್ಲಿ ಉಪ್ಪಿಲ್ಲದ ಒಳ್ಳೆಯ ಬೆಣ್ಣೆ ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ. ಅದನ್ನೇ ಕಾಯಿಸಿದರೆ ತುಪ್ಪ. ಹಸಿ ಕರಿಬೇವೂ ಬೇಡ.

ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಒಣಗಿದ ಖಡಕ್ ರೊಟ್ಟಿ, ಮಂಡಕ್ಕಿ ತನ್ನಿ. ಮಂಡಕ್ಕಿ ಹಗುರ, ಆದರೆ ಜಾಗ ತಿನ್ನುತ್ತದೆ. ಬಟ್ಟೆಗಳ ಸಂದಿಯಲ್ಲಿ ತುಂಬಿ. ನಮ್ಮ ಬೆಣ್ಣೆ ದೋಸೆಯ ಹಿಟ್ಟಿಗೆ ಅದು ಬೇಕೇ ಬೇಕು. ಚಳಿಗಾಲದಲ್ಲಿ ಹಿಟ್ಟು ಹುದುಗುವುದಿಲ್ಲ ಎಂದು ಎಷ್ಟೋ ಜನ ದೋಸೆಯನ್ನೇ ಬಿಟ್ಟಿದ್ದಾರೆ. ಅವನ್ ಬಿಸಿ ಮಾಡಬೇಡಿ, ಒಳಗಿನ ದೀಪವನ್ನಷ್ಟೇ ಹಾಕಿ, ಹಿಟ್ಟಿನ ಪಾತ್ರೆಯನ್ನು ಮುಚ್ಚಿ ರಾತ್ರಿಯಿಡೀ ಒಳಗಿಡಿ. ಬೆಳಿಗ್ಗೆ ಮುಚ್ಚಳ ಎತ್ತಿದಾಗ ಹುಳಿಯ ಪರಿಮಳ ಮುಖಕ್ಕೆ ರಾಚುತ್ತದೆ, ಮೇಲೆಲ್ಲ ಸಣ್ಣ ಸಣ್ಣ ಗುಳ್ಳೆ.

ಮಿಕ್ಸಿ, ಗ್ರೈಂಡರ್ ಇಲ್ಲಿಯೂ ನಡೆಯುತ್ತವೆ, ವೋಲ್ಟೇಜ್ 230. ಪ್ಲಗ್ಗಿಗೆ ಅಡಾಪ್ಟರ್ ಬೇಕು. ಕುಕ್ಕರ್ ಇಂಡಕ್ಷನ್ ತಳದ್ದೇ ಇರಲಿ.

ಮೊದಲ ಹದಿನಾಲ್ಕು ದಿನ, ಮತ್ತು ಅಂಚೆಪೆಟ್ಟಿಗೆ

ಮನೆ ಸೇರಿದ ಎರಡು ವಾರದೊಳಗೆ ಪುರಸಭೆಯ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಇದಕ್ಕೆ 'ಅನ್‌ಮೆಲ್ಡುಂಗ್' ಎನ್ನುತ್ತಾರೆ. ಮನೆಯ ಮಾಲೀಕರು ಸಹಿ ಹಾಕಿದ ದೃಢೀಕರಣ ಪತ್ರ ಬೇಕು. ಬಾಡಿಗೆ ಕರಾರು ಇದ್ದರೆ ಸಾಕು ಎಂದುಕೊಂಡು ಹೋಗಿ ವಾಪಸ್ಸು ಬಂದವರು ನಮ್ಮಲ್ಲಿ ಹಲವರು. ಈ ನೋಂದಣಿ ಆದ ಮೇಲೆಯೇ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಅದರಲ್ಲಿ 11 ಅಂಕಿಗಳಿವೆ, ಅದು ಜೀವನಪೂರ್ತಿ ಒಂದೇ, ಮಕ್ಕಳಿಗೂ ಬರುತ್ತದೆ.

ನಮಗೆ ಬರಲಿಲ್ಲ. ಬ್ಯಾಂಕಿನ ಗುಪ್ತಸಂಖ್ಯೆ ಬರಲಿಲ್ಲ, ವಿಮೆಯ ಕಾರ್ಡ್ ಬರಲಿಲ್ಲ. ದಿನಕ್ಕೆರಡು ಸಲ ಮೆಟ್ಟಿಲಿಳಿದು ಪೆಟ್ಟಿಗೆ ತೆರೆಯುತ್ತಿದ್ದೆ, ಒಳಗೆ ಅಂಗಡಿಗಳ ಜಾಹೀರಾತು ಮಾತ್ರ. ತೆರಿಗೆ ಸಂಖ್ಯೆ ಇಲ್ಲದ್ದರಿಂದ ಯಜಮಾನರ ಮೊದಲ ಸಂಬಳಕ್ಕೆ ಅತಿ ಹೆಚ್ಚು ಕಡಿತವಾಗುವ ಆರನೆಯ ವರ್ಗದ ತೆರಿಗೆ ಬಿತ್ತು. ಆ ಹಣ ಆಮೇಲೆ ಮರಳಿತು, ಆದರೆ ಆ ತಿಂಗಳು ಮಗಳಿಗೆ ಚಳಿಯ ಬೂಟು ಕೊಳ್ಳಲು ಊರಿನಿಂದ ಹಣ ತರಿಸಿಕೊಂಡೆವು. ಆರು ವಾರದ ನಂತರ ಕೆಳಮನೆಯ ಅಜ್ಜಿ ನನ್ನ ಕೈ ಹಿಡಿದು ಪೆಟ್ಟಿಗೆಗಳ ಹತ್ತಿರ ಕರೆದುಕೊಂಡು ಹೋದರು. ನಮ್ಮ ಪೆಟ್ಟಿಗೆಯ ಮೇಲಿದ್ದ ಹೆಸರನ್ನು ಬೆರಳಿನಿಂದ ಎರಡು ಸಲ ತಟ್ಟಿ, ನನ್ನ ಕಡೆ ಬೆರಳು ತೋರಿಸಿ, ತಲೆಯಾಡಿಸಿದರು. ಅದು ಹಿಂದಿನ ಬಾಡಿಗೆದಾರರ ಹೆಸರು. ಅಂಚೆಯವರು ನಮ್ಮ ಕಾಗದಗಳನ್ನೆಲ್ಲ ಇಂಥವರು ಇಲ್ಲಿಲ್ಲ ಎಂದು ಹಿಂದಕ್ಕೆ ಕಳುಹಿಸಿದ್ದರು. ಇಲ್ಲಿ ಕಟ್ಟಡಕ್ಕೆ ಸಂಖ್ಯೆ ಇರುತ್ತದೆ, ಒಳಗಿನ ಮನೆಗಳಿಗೆ ಹೆಸರು ಮಾತ್ರ. ಅಜ್ಜಿಯೇ ಒಂದು ಬಿಳಿ ಕಾಗದದ ಪಟ್ಟಿ ಕತ್ತರಿಸಿ, ನೀಲಿ ಶಾಯಿಯಲ್ಲಿ ನಮ್ಮ ಹೆಸರನ್ನು ಅಕ್ಷರ ಅಕ್ಷರವಾಗಿ ಬರೆದು, ಟೇಪು ಅಂಟಿಸಿದರು. ಆ ಪಟ್ಟಿ ಇಂದಿಗೂ ನನ್ನ ಕಡತದಲ್ಲಿದೆ.

ಆದ್ದರಿಂದ ಬೀಗದ ಕೈ ಸಿಕ್ಕ ದಿನವೇ ಪೆಟ್ಟಿಗೆಯ ಮೇಲೂ ಕರೆಗಂಟೆಯ ಮೇಲೂ ಹೆಸರು ಅಂಟಿಸಿ. ಹೆಂಡತಿಯ ಪಾಸ್‌ಪೋರ್ಟಿನ ಹೆಸರು ಬೇರೆಯಾಗಿದ್ದರೆ ಅದನ್ನೂ ಅಂಟಿಸಿ. ಪಾಲು ಮನೆಯಲ್ಲಿದ್ದರೂ ಅಂಟಿಸಿ. ಬಂದ ಕಾಗದವನ್ನು ಅಂದೇ ಒಡೆಯಿರಿ. ಭಾಷೆ ಬರುವುದಿಲ್ಲ ಎಂದು ಫ್ರಿಜ್ಜಿನ ಮೇಲೆ ಪೇರಿಸಿಡುವವರು ದಯವಿಟ್ಟು ಆ ಅಭ್ಯಾಸ ಬಿಡಿ. ದಿನಾಂಕ ಓದಲು ಜರ್ಮನ್ ಬೇಕಾಗಿಲ್ಲ.

ಮನೆ

ನೋಡದ ಮನೆಗೆ ಮುಂಗಡ ಕಳುಹಿಸಬೇಡಿ. ಮಾಲೀಕರು ಹೊರದೇಶದಲ್ಲಿದ್ದಾರೆ, ಬೀಗದ ಕೈಯನ್ನು ಅಂಚೆಯಲ್ಲಿ ಕಳುಹಿಸುತ್ತಾರೆ ಎಂದರೆ ಅದು ಮೋಸವೆಂದೇ ತಿಳಿಯಿರಿ. ಠೇವಣಿ ಬರಿಯ ಬಾಡಿಗೆಯ (ನೀರು, ಹೀಟಿಂಗ್‌ನಂಥ ಖರ್ಚು ಸೇರದ್ದು) ಮೂರು ತಿಂಗಳ ಮೊತ್ತವನ್ನು ಮೀರುವಂತಿಲ್ಲ, ಅದನ್ನು ಮೂರು ಕಂತುಗಳಲ್ಲಿ ಕೊಡುವ ಹಕ್ಕು ನಿಮಗಿದೆ. ಅಡುಗೆಮನೆಯ ಕಪಾಟು, ಒಲೆ, ಕೊನೆಗೆ ದೀಪವೂ ಇಲ್ಲದ ಮನೆಗಳನ್ನು ಬಾಡಿಗೆಗೆ ಕೊಡುವುದು ಇಲ್ಲಿ ಸಾಮಾನ್ಯ, ಮೊದಲೇ ಕೇಳಿ.

ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮತ್ತು ಭಾನುವಾರ ಪೂರ್ತಿ ಸದ್ದು ಮಾಡಬಾರದು. ಭಾನುವಾರ ಬೆಳಿಗ್ಗೆ ಗೋಡೆಗೆ ಡ್ರಿಲ್ಲಿಂಗ್ ಹಾಕಿ ದೇವರ ಪಟ ತೂಗುಹಾಕಬೇಡಿ, ಶನಿವಾರ ಹಾಕಿ. ದೋಸೆಗೆ ರುಬ್ಬುವುದನ್ನು ಶನಿವಾರ ಸಂಜೆಯೇ ಮುಗಿಸಿ. ನೆರೆಯವರು ಮೊದಲ ಸಲ ಬಾಗಿಲು ಬಡಿದು ಹೇಳಿದರೆ ಜಗಳಕ್ಕೆ ಬಂದರೆಂದು ಭಾವಿಸಬೇಡಿ; ಹೇಳುವುದೇ ಅವರ ಮರ್ಯಾದೆ.

ಇನ್ನು ಬೂಷ್ಟು. ನಮ್ಮದು ಒಣ ಸೀಮೆ. ಏಪ್ರಿಲ್ ಮಧ್ಯಾಹ್ನ ಬಿಸಿಗಾಳಿಗೆ ಕಿಟಕಿ ಮುಚ್ಚಿ ಗೊತ್ತು, ಚಳಿಯಲ್ಲಿ ತೆರೆದು ಗೊತ್ತಿಲ್ಲ. ಇಲ್ಲಿ ಅನ್ನ ಬೇಯಿಸಿದ ಹಬೆ, ಒಳಗೆ ಒಣಹಾಕಿದ ಬಟ್ಟೆ, ಸ್ನಾನದ ಆವಿ ಎಲ್ಲವೂ ತಣ್ಣಗಿನ ಗೋಡೆಯ ಮೇಲೆ ಕೂರುತ್ತವೆ. ಒಂದು ಜನವರಿಯಲ್ಲಿ ಮಗಳ ಮಂಚ ಸರಿಸಿ ನೋಡಿದರೆ ಹಿಂದಿನ ಗೋಡೆಯೆಲ್ಲ ರಾಗಿ ಎರಚಿದಂತೆ ಕಪ್ಪು ಚುಕ್ಕೆ. ಮನೆ ಬಿಡುವಾಗ ಠೇವಣಿಯ ದೊಡ್ಡ ಪಾಲು ಅದಕ್ಕೇ ಹೋಯಿತು. ದಿನಕ್ಕೆ ಎರಡು ಮೂರು ಸಲ ಎಲ್ಲ ಕಿಟಕಿಗಳನ್ನು ಪೂರ್ತಿ ತೆರೆದು ಐದರಿಂದ ಹತ್ತು ನಿಮಿಷ ಗಾಳಿಯಾಡಿಸಿ, ಮತ್ತೆ ಮುಚ್ಚಿ. ಮಂಚ, ಕಪಾಟುಗಳನ್ನು ಹೊರಗೋಡೆಗೆ ತಾಗಿಸಬೇಡಿ.

ವಿಮೆ ಮತ್ತು ವೈದ್ಯರು

ಸಾರ್ವಜನಿಕ ಆರೋಗ್ಯ ವಿಮೆಯಲ್ಲಿ ದುಡಿಯದ ಸಂಗಾತಿ ಮತ್ತು ಮಕ್ಕಳು ಬೇರೆ ಕಂತಿಲ್ಲದೆ ಸೇರುತ್ತಾರೆ. ಸಂಬಳ ಹೆಚ್ಚಿದ್ದವರಿಗೆ ಖಾಸಗಿ ವಿಮೆಯವರು ಕಡಿಮೆ ಕಂತಿನ ಆಸೆ ತೋರಿಸುತ್ತಾರೆ. ಅಲ್ಲಿ ತಲೆತಲೆಗೂ ಪ್ರತ್ಯೇಕ ಕಂತು, ಮರಳಿ ಸಾರ್ವಜನಿಕ ವಿಮೆಗೆ ಬರುವುದು ಕಷ್ಟ, 55 ವರ್ಷ ದಾಟಿದ ಮೇಲೆ ಬಹುತೇಕ ಅಸಾಧ್ಯ. ಕುಟುಂಬವಿರುವವರು ಸಹಿ ಹಾಕುವ ಮುನ್ನ ಸಂಘದ ಹಿರಿಯರೊಬ್ಬರನ್ನು ಕೇಳಿ.

ಮೆಡಿಕಲ್ ಶಾಪಿಗೆ ಹೋಗಿ ಮಾತ್ರೆಯ ಹೆಸರು ಹೇಳಿದರೆ ಇಲ್ಲಿ ಆ್ಯಂಟಿಬಯೋಟಿಕ್ ಕೊಡುವುದಿಲ್ಲ, ವೈದ್ಯರ ಚೀಟಿ ಬೇಕು. ಆರೋಗ್ಯವಾಗಿರುವಾಗಲೇ ಹತ್ತಿರದ ಕುಟುಂಬ ವೈದ್ಯರನ್ನೂ ಮಕ್ಕಳ ವೈದ್ಯರನ್ನೂ ಗೊತ್ತು ಮಾಡಿಕೊಳ್ಳಿ. ಪ್ರಾಣಾಪಾಯಕ್ಕೆ 112. ರಾತ್ರಿ ಜ್ವರ, ಹೊಟ್ಟೆನೋವಿನಂಥದ್ದಕ್ಕೆ 116117. ತಂದೆ ತಾಯಿಯನ್ನು ಕರೆಸಿಕೊಳ್ಳುವಾಗ ಅವರ ಬಿಪಿ, ಸಕ್ಕರೆ, ಹೃದಯದ ತೊಂದರೆಗಳನ್ನು ಒಳಗೊಳ್ಳುವ ಪ್ರವಾಸ ವಿಮೆಯನ್ನೇ ಮಾಡಿಸಿ.

ಮಕ್ಕಳು

ಶಾಲೆ ಕಡ್ಡಾಯ. ಟಿಕೆಟ್ ಅಗ್ಗವೆಂದು, ದುಗ್ಗಮ್ಮನ ಜಾತ್ರೆಯೆಂದು ಶಾಲೆ ತಪ್ಪಿಸಿ ಊರಿಗೆ ಕರೆದೊಯ್ದರೆ ದಂಡ ಬೀಳುತ್ತದೆ. ಹೆಚ್ಚಿನ ರಾಜ್ಯಗಳಲ್ಲಿ ನಾಲ್ಕನೆಯ ತರಗತಿಯ ನಂತರವೇ ಮಕ್ಕಳು ಬೇರೆ ಬೇರೆ ಬಗೆಯ ಶಾಲೆಗಳಿಗೆ ಹೋಗುತ್ತಾರೆ, ಆದ್ದರಿಂದ ಮೊದಲ ವರ್ಷದಿಂದಲೇ ಶಿಕ್ಷಕರೊಡನೆ ಮಾತಾಡುತ್ತಿರಿ. ಮಕ್ಕಳನ್ನು ಹೊಡೆಯುವುದನ್ನು ಇಲ್ಲಿ 2000ದಿಂದ ಕಾನೂನೇ ನಿಷೇಧಿಸಿದೆ; "ನಮ್ಮ ಮಗು, ನಮ್ಮ ಇಷ್ಟ" ಎನ್ನುವ ಮಾತು ನಡೆಯುವುದಿಲ್ಲ, ನಡೆಯಲೂ ಬಾರದು. ಮಕ್ಕಳ ಭತ್ಯೆ 2025ರಲ್ಲಿ ತಿಂಗಳಿಗೆ 255 ಯೂರೊ ಇತ್ತು. ಅರ್ಜಿ ತಡವಾದರೆ ಹಿಂದಿನ ಆರು ತಿಂಗಳದ್ದು ಮಾತ್ರ ಸಿಗುತ್ತದೆ.

ಮನೆಯಲ್ಲಿ ಕನ್ನಡವನ್ನೇ ಆಡಿ. ಜರ್ಮನ್ ಬರಲಿ ಎಂದು ತಮ್ಮ ಹರಕು ಜರ್ಮನ್‌ನಲ್ಲಿ ಮಗುವಿನೊಡನೆ ಮಾತಾಡುವ ತಂದೆ ತಾಯಿಯರನ್ನು ಕಂಡರೆ ನನಗೆ ನೋವಾಗುತ್ತದೆ. ಜರ್ಮನ್ ಅನ್ನು ಶಿಶುವಿಹಾರ ಕಲಿಸುತ್ತದೆ. ಅಜ್ಜಿಯ ಜೊತೆ ಮಾತಾಡಲು ಬೇಕಾದ ಭಾಷೆಯನ್ನು ಕಲಿಸಲು ನಿಮ್ಮನ್ನು ಬಿಟ್ಟು ಇಲ್ಲಿ ಯಾರೂ ಇಲ್ಲ.

ವಾಸದ ಪರವಾನಗಿ

ಇದನ್ನು ಎರಡು ಸಲ ಓದಿ. ಕಾರ್ಡಿನ ಅವಧಿ ಮುಗಿಯುವ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಿ. ಅರ್ಜಿ ತಲುಪಿತೆಂಬ ಇ-ಮೇಲ್ ಸಾಲದು. 'ಫಿಕ್ಟ್ಸಿಯೋನ್ಸ್‌ಬೆಶೈನಿಗುಂಗ್' ಎಂಬ ತಾತ್ಕಾಲಿಕ ಪತ್ರವನ್ನು ಕೇಳಿ ಪಡೆಯಿರಿ. ಅದರಲ್ಲಿ ವಾಸ ಕಾಯ್ದೆಯ 81ನೆಯ ಕಲಮಿನ 4ನೆಯ ಉಪಕಲಮಿಗೆ ಗುರುತಿದ್ದರೆ ಹೊರಗೆ ಹೋಗಿ ಮರಳಬಹುದು. 3ನೆಯದಕ್ಕೆ ಗುರುತಿದ್ದರೆ ಮರಳಲು ಆಗದು.

ನನ್ನ ಕೈಯಲ್ಲಿ ಆಗ ಇ-ಮೇಲ್ ಮಾತ್ರ ಇತ್ತು. ಕಾರ್ಡಿನ ಅವಧಿ ಮುಗಿದ ಒಂಬತ್ತನೆಯ ದಿನ ಚಿತ್ರದುರ್ಗದಲ್ಲಿ ನನ್ನ ಅಪ್ಪ ತೀರಿಕೊಂಡರು. ಹೋದರೆ ಮಗಳ ಬಳಿಗೆ ಮರಳಿ ಬರುವ ದಾರಿ ಇರಲಿಲ್ಲ. ನನ್ನ ತಮ್ಮ ವಿಡಿಯೊ ಕರೆ ಮಾಡಿ ಮೊಬೈಲ್ ಹಿಡಿದು ನಡೆಯುತ್ತಿದ್ದ. ಅಂದು ಕೋಟೆಯ ಕಡೆಯಿಂದ ಬೀಸುತ್ತಿದ್ದ ಗಾಳಿಯ ಸದ್ದಿನಲ್ಲಿ ಯಾರ ಮಾತೂ ಕೇಳಿಸುತ್ತಿರಲಿಲ್ಲ. ಅಪ್ಪನ ಮುಖವನ್ನು ಹಾಗೆ ನೋಡಿದೆ. ಅವಧಿ ಮುಗಿಯಲು ಮೂರು ತಿಂಗಳಿರುವಾಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಪಾಸ್‌ಪೋರ್ಟಿನ ಅವಧಿಯನ್ನೂ ಅದರ ಪಕ್ಕದಲ್ಲೇ ಬರೆಯಿರಿ, ಏಕೆಂದರೆ ಪಾಸ್‌ಪೋರ್ಟಿಗಿಂತ ಆಚೆಗೆ ಪರವಾನಗಿ ಕೊಡುವುದಿಲ್ಲ.

ಸಾಮಾನ್ಯವಾಗಿ ಆರು ತಿಂಗಳಿಗಿಂತ ಹೆಚ್ಚು ದೇಶದ ಹೊರಗಿದ್ದರೆ ಪರವಾನಗಿ ರದ್ದಾಗುತ್ತದೆ; ಬ್ಲೂ ಕಾರ್ಡ್ (ಉನ್ನತ ಶಿಕ್ಷಣ ಪಡೆದ ಉದ್ಯೋಗಿಗಳಿಗೆ ಕೊಡುವ ಪರವಾನಗಿ) ಇದ್ದವರಿಗೆ ಹನ್ನೆರಡು ತಿಂಗಳು. ಬಾಣಂತನಕ್ಕೆ ಊರಿಗೆ ಹೋಗುವವರು ಇದನ್ನು ಲೆಕ್ಕ ಹಾಕಿಕೊಳ್ಳಿ. ಬ್ಲೂ ಕಾರ್ಡ್ ಇದ್ದವರು 27 ತಿಂಗಳಿಗೆ, ಬಿ1 ಎಂಬ ಮಧ್ಯಮ ಮಟ್ಟದ ಜರ್ಮನ್ ಬಂದರೆ 21 ತಿಂಗಳಿಗೆ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಅವರ ಸಂಗಾತಿಗೂ ದುಡಿಯುವ ಹಕ್ಕಿದೆ. ಊರಿನಲ್ಲಿ ಎಂಜಿನಿಯರಿಂಗ್ ಮುಗಿಸಿದ ಹೆಣ್ಣುಮಕ್ಕಳು ಭಾಷೆ ಕಲಿಯದೆ ಮನೆಯಲ್ಲೇ ವರ್ಷ ಕಳೆಯಬೇಡಿ.

ಉಳಿದವು

ಭಾನುವಾರ ಅಂಗಡಿ ಮುಚ್ಚಿರುತ್ತವೆ.
ಒಮ್ಮೆ ಬಳಸಿ ಬಿಡುವ ಬಾಟಲಿಗೆ 25 ಸೆಂಟ್ ಠೇವಣಿ. ಎಸೆಯಬೇಡಿ, ಅಂಗಡಿಗೆ ಮರಳಿಸಿ.
ಪ್ರಸಾರ ಶುಲ್ಕ ಮನೆಗೆ ತಿಂಗಳಿಗೆ 18.36 ಯೂರೊ. ಟಿವಿ ಇಲ್ಲದಿದ್ದರೂ ಕಟ್ಟಬೇಕು, ಆ ಪತ್ರ ಮೋಸವಲ್ಲ.
ಭಾರತದ ಚಾಲನಾ ಪರವಾನಗಿ ಆರು ತಿಂಗಳು ಮಾತ್ರ. ಆಮೇಲೆ ನಿಯಮಗಳದ್ದು, ಚಾಲನೆಯದ್ದು ಎರಡೂ ಪರೀಕ್ಷೆ.
ಪೊಲೀಸ್ 110.

ಸಂಘ

ಪ್ರತಿ ತಿಂಗಳ ಮೊದಲ ಭಾನುವಾರ ಮಕ್ಕಳಿಗೆ ಕನ್ನಡ ತರಗತಿ ಇದೆ. ಹದಿನಾಲ್ಕು ಮಕ್ಕಳು ಈಗ ಒತ್ತಕ್ಷರ ತಪ್ಪಿಲ್ಲದೆ ಬರೆಯುತ್ತಾರೆ, ಇದು ನಮ್ಮೆಲ್ಲರ ಹೆಮ್ಮೆ. ರಾಜ್ಯೋತ್ಸವದ ಊಟಕ್ಕೆ ಮಾತ್ರ ಬಂದು, ಕುರ್ಚಿ ಜೋಡಿಸುವ ಹೊತ್ತಿಗೆ ಕಾಣದವರು ಇನ್ನು ಮುಂದೆ ಒಂದು ಗಂಟೆ ಮೊದಲೇ ಬರಬೇಕೆಂದು ಕೇಳಿಕೊಳ್ಳುತ್ತೇವೆ. ತರಗತಿ ನಡೆಯುವಾಗ ಪಕ್ಕದ ಕೋಣೆಯಲ್ಲಿ ನಾವು ಇಬ್ಬರು ಹೊಸಬರ ಕಾಗದ ಓದಿಕೊಡಲು ಕೂತಿರುತ್ತೇವೆ. ಅರ್ಥವಾಗದ ಪತ್ರಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ ತನ್ನಿ. ಲಕೋಟೆಗಳನ್ನೂ ತನ್ನಿ, ತಲುಪಿದ ದಿನಾಂಕವನ್ನು ಅವುಗಳ ಮೇಲೆಯೇ ಬರೆದಿಟ್ಟುಕೊಳ್ಳಿ.