ಬಫರ್ ಹೆಡ್‌ನಿಂದ ಐಒಮ್ಯಾಪ್‌ಗೆ: ನನ್ನ ಅನುಭವ

ನಮ್ಮ ಸ್ಟೋರೇಜ್ ಬಾಕ್ಸ್‌ಗಳಲ್ಲಿ ಲಿನಕ್ಸ್ ಓಡುತ್ತದೆ, ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಫೈಲ್ ಸಿಸ್ಟಮ್ ಮಾತ್ರ ನಮ್ಮದೇ. ಅದರ ರೀಡ್-ರೈಟ್ ಕೋಡನ್ನು ಬಫರ್ ಹೆಡ್‌ನಿಂದ (ಒಂದೊಂದು ಡಿಸ್ಕ್ ಬ್ಲಾಕಿನ ಲೆಕ್ಕ ಇಡುವ ಕರ್ನಲ್‌ನ ಹಳೆಯ ವಿಧಾನ) ಐಒಮ್ಯಾಪ್‌ಗೆ (ಹಲವು ಫೈಲ್ ಸಿಸ್ಟಮ್‌ಗಳು ಹಂಚಿಕೊಳ್ಳುವ ಲಿನಕ್ಸ್ ಕರ್ನಲ್‌ನ ಕೋಡ್) ಸರಿಸುವ ಕೆಲಸ ನಮ್ಮ ಬೆಳ್ಳಂದೂರು ಆಫೀಸಿಗೆ ಬಂತು. ನಾನು, ಹೊಸದಾಗಿ ಸೇರಿದ್ದ ಒಬ್ಬ ಹುಡುಗಿ, ಇಬ್ಬರೇ.

ಹಳೆಯ ಬಫರ್ಡ್ ರೈಟ್ (ಡೇಟಾವನ್ನು ಮೊದಲು ಮೆಮೊರಿಯಲ್ಲಿಟ್ಟು ಆಮೇಲೆ ಡಿಸ್ಕಿಗೆ ಬರೆಯುವ ದಾರಿ) ಒಂದೊಂದು ಬ್ಲಾಕಿಗೂ "ಡಿಸ್ಕಿನಲ್ಲಿ ಇದರ ಜಾಗ ಎಲ್ಲಿ?" ಅಂತ ಕೇಳುತ್ತಿತ್ತು. 4 ಕೆಬಿ ಬ್ಲಾಕ್ ಅಂದರೆ 1 ಎಂಬಿಗೆ 256 ಸಲ. ಐಒಮ್ಯಾಪ್ ಹಾಗಲ್ಲ. ಇಷ್ಟು ಉದ್ದಕ್ಕೆ ಜಾಗ ಎಲ್ಲಿ ಅಂತ ಒಂದೇ ಸಲ ಕೇಳುತ್ತದೆ. ಫೈಲ್ ಸಿಸ್ಟಮ್ ಒಂದು ಎಕ್ಸ್‌ಟೆಂಟ್ (ಡಿಸ್ಕಿನಲ್ಲಿ ಸಾಲಾಗಿರುವ ಬ್ಲಾಕುಗಳ ಗುಂಪು) ತೋರಿಸಿದರೆ ಸಾಕು, ಡೇಟಾ ಕಾಪಿ ಮಾಡುವುದು ಎಲ್ಲರಿಗೂ ಸೇರಿದ ಕೋಡ್. ಎಕ್ಸ್‌ಎಫ್‌ಎಸ್ ಅನ್ನುವ ಫೈಲ್ ಸಿಸ್ಟಮ್‌ನಲ್ಲಿ ಹುಟ್ಟಿದ ಈ ಕೋಡ್ 2016ರಲ್ಲಿ, 4.8 ಕರ್ನಲ್‌ನಲ್ಲಿ ಎಲ್ಲರಿಗೂ ಸಿಕ್ಕಿತು.

ಡೈರೆಕ್ಟ್ ಐಒ ಮೊದಲು ಸರಿಸಿದೆವು. ಅದು ಪೇಜ್ ಕ್ಯಾಶ್ (ಕರ್ನಲ್ ಫೈಲ್ ಡೇಟಾ ಇಟ್ಟುಕೊಳ್ಳುವ ಮೆಮೊರಿ) ಮೂಲಕ ಹೋಗುವುದಿಲ್ಲ, ಹಾಗಾಗಿ ಬೇರೆ ಮಾಡುವುದು ಸುಲಭ. ಎಕ್ಸ್‌ಟಿ4 ಫೈಲ್ ಸಿಸ್ಟಮ್ ಕೂಡ ಬಫರ್ಡ್ ದಾರಿ ಮುಟ್ಟದೆ 5.5 ಕರ್ನಲ್‌ನಲ್ಲಿ ಇದನ್ನೇ ಮಾಡಿತ್ತು. ಬಫರ್ಡ್ ರೀಡ್ ಮತ್ತು ರೈಟ್ ಮಾತ್ರ ಒಟ್ಟಿಗೇ ಬದಲಿಸಬೇಕು. ಫೋಲಿಯೊ ಅಂದರೆ ಪೇಜ್ ಕ್ಯಾಶಿನ ಒಂದು ತುಂಡು. ಅದರ ಪ್ರೈವೇಟ್ ಪಾಯಿಂಟರನ್ನು (ತನ್ನ ಲೆಕ್ಕ ಎಲ್ಲಿದೆ ಅಂತ ಗುರುತಿಡುವ ಒಂದೇ ಜಾಗ) ಬಫರ್ ಹೆಡ್ಡೂ ಬಳಸುತ್ತದೆ, ಐಒಮ್ಯಾಪೂ ಬಳಸುತ್ತದೆ. 1 ಕೆಬಿ ಬ್ಲಾಕ್ ಇಟ್ಟುಕೊಂಡು ಅರ್ಧ ಇದು ಅರ್ಧ ಅದು ಮಾಡಿದರೆ ಎರಡೂ ಡಿಕ್ಕಿ ಹೊಡೆಯುತ್ತವೆ. ಅದಕ್ಕೇ ಎಫ್ಎಸ್‌ಟೆಸ್ಟ್ಸ್ ಅನ್ನುವ ಫೈಲ್ ಸಿಸ್ಟಮ್ ಟೆಸ್ಟುಗಳನ್ನು 4 ಕೆಬಿಯಲ್ಲಿ ಮಾತ್ರ ಅಲ್ಲ, 1 ಕೆಬಿಯಲ್ಲೂ ಓಡಿಸಲೇಬೇಕು.

"ಸರ್, ರೈಟ್ ಪೂರ್ತಿ ಆಗದಿದ್ರೆ ಕಾದಿರಿಸಿದ ಬ್ಲಾಕ್ ಯಾರು ವಾಪಸ್ ಕೊಡ್ತಾರೆ?" ಅಂತ ಆ ಹುಡುಗಿ ಕೇಳಿದಳು. ಇಡೀ ಕೆಲಸದ ತಿರುಳು ಅದೇ ಪ್ರಶ್ನೆ. 64 ಕೆಬಿಗೆ ಜಾಗ ಕಾದಿರಿಸಿದ್ದೇವೆ, ಕಾಪಿ ಆಗಿದ್ದು 16 ಕೆಬಿ ಅಂತಿಟ್ಟುಕೊಳ್ಳಿ. ಉಳಿದ 48 ಕೆಬಿ ಬಿಡಿಸದಿದ್ದರೆ ಡಿಸ್ಕ್ ಸುಮ್ನೆ ತುಂಬಿದಂತೆ ಕಾಣುತ್ತದೆ. ನಮ್ಮ ಹಳೆಯ ಕೋಡಿನಲ್ಲಿ ಈ ಲೆಕ್ಕ ಹಲವು ಎರರ್ ದಾರಿಗಳಲ್ಲಿ ಚೆದುರಿತ್ತು. ಐಒಮ್ಯಾಪ್ ಕೊನೆಯಲ್ಲಿ ಕೇಳಿದ್ದೆಷ್ಟು, ಬರೆದಿದ್ದೆಷ್ಟು ಎರಡನ್ನೂ, ರೈಟ್ ಮುಗಿದಾಗ ಅದು ಕರೆಯುವ ನಮ್ಮ ಎಂಡ್ ಫಂಕ್ಷನ್‌ಗೆ ಕೊಡುತ್ತದೆ. ಆ ಲೆಕ್ಕವನ್ನೆಲ್ಲ ಅಲ್ಲಿಗೇ ತಂದೆವು. ಡಿಸ್ಕ್ ತುಂಬಿಸಿ ನೋಡುವ ಟೆಸ್ಟುಗಳನ್ನು ಮತ್ತೆ ಮತ್ತೆ ಓಡಿಸಿ ಖಚಿತ ಮಾಡಿಕೊಂಡೆವು.

ನಮಗಷ್ಟೇ ಬೇಕಾದ ಒಂದು ಫ್ಲಾಗನ್ನು ಐಒಮ್ಯಾಪ್ ಒಳಗೆ ಸೇರಿಸೋಣ ಅನ್ನುವ ಮಾತೂ ಬಂತು. ನಾನು ಒಪ್ಪಲಿಲ್ಲ. ಎಲ್ಲರೂ ಹೀಗೆ ಒಂದೊಂದು ಸೇರಿಸಿದರೆ ಹಂಚಿಕೊಂಡ ಕೋಡ್ ಅಂತ ಏನು ಉಳಿಯುತ್ತೆ, ಅಲ್ವಾ? ಆ ವಿಶೇಷವನ್ನು, ಜಾಗ ಎಲ್ಲಿ ಅಂತ ಹೇಳುವ ನಮ್ಮ ಬಿಗಿನ್ ಫಂಕ್ಷನ್ನಿನಲ್ಲೇ ನಿಭಾಯಿಸಿದೆವು. ಮೆಟಾಡೇಟಾ (ಫೈಲಿನ ಹೆಸರು, ಅಳತೆಯಂಥ ವಿವರ) ಈಗಲೂ ಬಫರ್ ಹೆಡ್‌ನಲ್ಲೇ ಇದೆ. ಐಒಮ್ಯಾಪ್ ಇರುವುದು ಫೈಲ್ ಡೇಟಾಕ್ಕೆ, ಆದ್ದರಿಂದ ಮೆಟಾಡೇಟಾ ಮುಟ್ಟಲಿಲ್ಲ.